ಎಣ್ಣೆ ಮುಗಿದ ರಾತ್ರಿಯಿಂದ ಶುರುಮಾಡಿ

ಪ್ರಿಯ ಬರಹಗಾರರೇ,

'ಆಧುನಿಕ ಶಸ್ತ್ರಚಿಕಿತ್ಸೆಯ ಪಿತಾಮಹ ಆಂಬ್ರ್ವಾಸ್ ಪಾರೆ' ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ 'ವಿಷಾದದಿಂದ ಹಿಂತಿರುಗಿಸುತ್ತಿದ್ದೇವೆ' ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಲೂ ಮನಸ್ಸಿಲ್ಲ. 16ನೇ ಶತಮಾನದ ಫ್ರಾನ್ಸಿನ ಒಬ್ಬ ಶಸ್ತ್ರವೈದ್ಯನ ಬೆನ್ನುಹತ್ತಿ ಇಷ್ಟು ಓದಿಕೊಂಡವರು ಸಿಗುವುದು ಕಡಿಮೆ. ವೈದ್ಯರ ಜೀವನ ಬರೆಯಹೊರಟ ಇನ್ನೂ ಹಲವರು ನೀವು ಹಿಡಿದ ದಾರಿಯನ್ನೇ ಹಿಡಿಯುತ್ತಾರೆ. ಅದಕ್ಕೇ ನಿಮ್ಮ ಹೆಸರು ತೆಗೆದು, ಉತ್ತರವನ್ನು ಎಲ್ಲರೂ ಓದುವಂತೆ ಹಾಕಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ.

ಲೇಖನದ ದೊಡ್ಡ ತೊಂದರೆ ಎಂದರೆ ಅದರಲ್ಲಿ ಪಾರೆಯೇ ಇಲ್ಲ. ಮೊದಲೆರಡು ಪುಟಗಳಲ್ಲಿ ಯುಗಪುರುಷನಿದ್ದಾನೆ, ಮಾನವತಾವಾದಿಯಿದ್ದಾನೆ, ಕಾಲಕ್ಕಿಂತ ಮುಂದಿದ್ದ ದಾರ್ಶನಿಕನಿದ್ದಾನೆ. ಪಾರೆಯ ಹೆಸರು ಅಳಿಸಿ ಜಾನ್ ಹಂಟರ್ ಎಂದೋ ಜೋಸೆಫ್ ಲಿಸ್ಟರ್ ಎಂದೋ ಬರೆದರೂ ಆ ವಾಕ್ಯಗಳು ಹಾಗೇ ನಡೆಯುತ್ತವೆ. ಅವನು ಕೈಯಾರೆ ಏನು ಮಾಡಿದ ಎಂದು ತಿಳಿಯಲು ಮೂರನೇ ಪುಟದವರೆಗೆ ಕಾಯಬೇಕು. ಅಷ್ಟು ತಾಳ್ಮೆ ಯಾರಿಗಿದೆ?

ಎರಡನೇ ಪ್ಯಾರಾದಲ್ಲಿ ಸುಶ್ರುತನನ್ನು ಎಳೆತಂದಿದ್ದೀರಿ. ಸುಶ್ರುತ ಸಂಹಿತೆಯಲ್ಲಿ ಶಸ್ತ್ರಗಳ ವಿವರವೂ ಕತ್ತರಿಸಿಹೋದ ಮೂಗನ್ನು ಮತ್ತೆ ರೂಪಿಸುವ ವಿಧಾನವೂ ಇರುವುದು ನಿಜ. ಪಾರೆಗೆ ಅದರ ಗಂಧಗಾಳಿ ಇರಲಿಲ್ಲ ಎಂಬುದೂ ಅಷ್ಟೇ ನಿಜ. ಆ ಪ್ಯಾರಾ ತೆಗೆಯಿರಿ. ನಮ್ಮ ಓದುಗರಿಗೆ ಪಾರೆಯನ್ನು ಹತ್ತಿರ ಮಾಡುವ ಎಳೆ ಬೇರೆಯೇ ಇದೆ, ಅದನ್ನು ನೀವು ಅರ್ಧ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ಪಾರೆ ಕ್ಷೌರಿಕನಾಗಿ ಕೆಲಸ ಕಲಿತವನು. 1510ರ ಸುಮಾರಿಗೆ ಲಾವಾಲ್ ಪಟ್ಟಣದ ಹತ್ತಿರ ಹುಟ್ಟಿ, ಕತ್ತಿ ಹಿಡಿಯುವುದನ್ನು ಅಲ್ಲಿ ಇಲ್ಲಿ ಕಲಿತು, ಪ್ಯಾರಿಸ್ಸಿನ ಓತೆಲ್-ದ್ಯೂ ಆಸ್ಪತ್ರೆಯಲ್ಲಿ ಬಡ ರೋಗಿಗಳ ನಡುವೆ ಪಳಗಿದವನು. ಲ್ಯಾಟಿನ್ ಓದಿದ ವೈದ್ಯರು ಮೇಲೆ, ಉದ್ದ ನಿಲುವಂಗಿಯ ಶಸ್ತ್ರವೈದ್ಯರು ಅವರ ಕೆಳಗೆ, ಕ್ಷೌರಿಕ ಎಲ್ಲರ ಕೆಳಗೆ. ನಮ್ಮ ಹಳ್ಳಿಗಳಲ್ಲೂ ಕುರು ಕೊಯ್ಯಲು ಕ್ಷೌರದವರನ್ನು ಕರೆಯುತ್ತಿದ್ದ ಕಾಲವಿತ್ತು, ಅವರಿಗೆ ಎಷ್ಟು ಮರ್ಯಾದೆ ಸಿಗುತ್ತಿತ್ತು ಎಂಬುದೂ ಗೊತ್ತಿದೆ. ಇದನ್ನು ಎರಡು ಸಾಲಲ್ಲಿ ಹೇಳಿದರೆ ಓದುಗ ತಾನೇ ಅರ್ಥಮಾಡಿಕೊಳ್ಳುತ್ತಾನೆ.

ಈಗ ಮುಖ್ಯ ವಿಷಯ. ನೀವು ಹೀಗೆ ಬರೆದಿದ್ದೀರಿ: 'ಗುಂಡೇಟಿನ ಗಾಯಕ್ಕೆ ಕುದಿಯುವ ಎಣ್ಣೆ ಸುರಿಯುವ ಪದ್ಧತಿ ತಪ್ಪೆಂದು ಪಾರೆಯು ಪ್ರಯೋಗದ ಮೂಲಕ ಸಾಬೀತುಪಡಿಸಿದನು.' ಇದರಲ್ಲಿ ಸುಳ್ಳಿಲ್ಲ, ಆದರೆ ಜೀವವೂ ಇಲ್ಲ. ನಡೆದದ್ದನ್ನು ನೋಡಿ. 1536–37ರ ಹೊತ್ತಿಗೆ ರಾಜ ಒಂದನೇ ಫ್ರಾನ್ಸಿಸನ ಸೇನೆ ಆಲ್ಪ್ಸ್ ದಾಟಿ ಟ್ಯೂರಿನ್ ಕಡೆ ನುಗ್ಗಿದೆ. ಪಾರೆಗೆ ಇಪ್ಪತ್ತಾರು–ಇಪ್ಪತ್ತೇಳು ವರ್ಷ, ಮೊದಲ ಯುದ್ಧ, ಗುಂಡಿನ ಗಾಯ ಕಂಡವನೇ ಅಲ್ಲ. ಪುಸ್ತಕದಲ್ಲಿ ಓದಿದ್ದಾನೆ: ಮದ್ದುಪುಡಿಯಿಂದ ಗಾಯಕ್ಕೆ ನಂಜೇರುತ್ತದೆ, ಆದ್ದರಿಂದ ಎಲ್ಡರ್ ಗಿಡದ ಎಣ್ಣೆಯನ್ನು ಕುದಿಸಿ ಸುರಿಯಬೇಕು ಎಂದು ಇಟಲಿಯ ಜೊವಾನ್ನಿ ದ ವೀಗೊ ಬರೆದಿದ್ದ. ಹಾಗೆ ಸುಡುವುದೆಂದರೆ ಎಂಥ ನೋವೆಂದು ಪಾರೆಗೂ ಗೊತ್ತು. ಕೈ ಹಾಕುವ ಮುಂಚೆ ಉಳಿದ ಶಸ್ತ್ರವೈದ್ಯರು ಏನು ಮಾಡುತ್ತಿದ್ದಾರೆ ಎಂದು ನೋಡಿದ. ಎಲ್ಲರೂ ಕುದಿಯುವ ಎಣ್ಣೆಯನ್ನೇ ಹುಯ್ಯುತ್ತಿದ್ದರು. ಇವನೂ ಹುಯ್ದ.

ಎಣ್ಣೆ ಮುಗಿಯಿತು. ಗಾಯಾಳುಗಳು ಮುಗಿಯಲಿಲ್ಲ. ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಉಳಿದವರಿಗೆ ಹಚ್ಚಿದ. ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ಸುಡದೆ ಬಿಟ್ಟವರೆಲ್ಲ ನಂಜೇರಿ ಸತ್ತಿರುತ್ತಾರೆ ಎಂಬ ಭಯ. ಬೆಳಕು ಹರಿಯುವ ಮೊದಲೇ ಎದ್ದು ನೋಡಲು ಹೋದ. ಮೊಟ್ಟೆಯ ಲೇಪ ಹಚ್ಚಿಸಿಕೊಂಡವರಿಗೆ ನೋವು ಕಡಿಮೆ, ಊತವಿಲ್ಲ, ರಾತ್ರಿ ಒಂದಿಷ್ಟು ನಿದ್ದೆಯನ್ನೂ ಮಾಡಿದ್ದಾರೆ. ಎಣ್ಣೆ ಹುಯ್ಸಿಕೊಂಡವರಿಗೆ ಜ್ವರ, ನೋವು, ಗಾಯದ ಸುತ್ತ ಬಾವು. ಇನ್ನೆಂದೂ ಬಡಪಾಯಿಗಳನ್ನು ಹೀಗೆ ಸುಡುವುದಿಲ್ಲ ಎಂದು ಅಂದೇ ತೀರ್ಮಾನಿಸಿದೆ ಎಂದು ಅವನೇ ಬರೆದುಕೊಂಡಿದ್ದಾನೆ.

'ಪ್ರಯೋಗದ ಮೂಲಕ' ಎಂದಾಗ ಇದೆಲ್ಲ ಎಲ್ಲಿ ಹೋಯಿತು? ಅವನು ಪ್ರಯೋಗ ಮಾಡಹೊರಟವನಲ್ಲ. ತಪ್ಪು ಮಾಡಿದೆನೆಂದು ಹೆದರಿದವನು. ಹೆದರಿದ್ದರಿಂದಲೇ ನಸುಕಿನಲ್ಲಿ ಎದ್ದು ಹೋದ, ಹೋದದ್ದರಿಂದ ಕಂಡ, ಕಂಡದ್ದನ್ನು ಓದಿದ್ದಕ್ಕಿಂತ ಹೆಚ್ಚು ನಂಬಿದ. ನಿಮ್ಮ ಲೇಖನ ಇಲ್ಲಿಂದ ಶುರುವಾಗಲಿ. ಹುಟ್ಟಿದೂರು, ತಂದೆ-ತಾಯಿ ಆಮೇಲೆ.

ಅದೇ ಯುದ್ಧದ ಇನ್ನೊಂದು ನೋಟವನ್ನು ನೀವು ಯಾಕೆ ಬಿಟ್ಟಿರೋ ಗೊತ್ತಿಲ್ಲ. ಕುದುರೆ ಕಟ್ಟಲು ಲಾಯಕ್ಕೆ ಹೋದಾಗ ಮದ್ದುಪುಡಿಗೆ ಸುಟ್ಟುಹೋದ ಮೂವರು ಸೈನಿಕರು ಗೋಡೆಗೆ ಒರಗಿದ್ದರು, ಮುಖ ಗುರುತು ಸಿಗುವಂತಿಲ್ಲ, ಬಟ್ಟೆ ಇನ್ನೂ ಹೊಗೆಯಾಡುತ್ತಿದೆ. ಇವರನ್ನು ಬದುಕಿಸಬಹುದೇ ಎಂದು ಒಬ್ಬ ಮುದಿ ಸೈನಿಕ ಕೇಳಿದ. ಆಗದು ಎಂದ ಪಾರೆ. ಮುದುಕ ಸಿಟ್ಟಿಲ್ಲದೆ, ಮೆಲ್ಲಗೆ, ಮೂವರ ಕುತ್ತಿಗೆಯನ್ನೂ ಕೊಯ್ದ. ಪಾರೆ ಬೈದಾಗ, ನನಗೂ ಈ ಗತಿ ಬಂದರೆ ಯಾರಾದರೂ ಹೀಗೇ ಮಾಡಲಿ ಎಂದು ದೇವರನ್ನು ಬೇಡುತ್ತೇನೆ ಎಂದನಂತೆ. 'ಮಾನವತಾವಾದಿ' ಎಂದು ನೀವು ಆರು ಸಲ ಬರೆದಿದ್ದೀರಿ. ಈ ಲಾಯ ಒಂದು ಸಲ ಬಂದರೆ ಸಾಕಿತ್ತು.

ನಾಯಿಮರಿ ಎಣ್ಣೆಯ ಪ್ರಸಂಗವನ್ನೂ ಮರೆಮಾಚಿದ್ದೀರಿ, ಮುಜುಗರವಾಗಿರಬೇಕು. ಟ್ಯೂರಿನ್ನಿನ ಒಬ್ಬ ಶಸ್ತ್ರವೈದ್ಯನ ಹತ್ತಿರ ಗುಂಡಿನ ಗಾಯಕ್ಕೆ ಹೆಸರುವಾಸಿಯಾದ ಔಷಧವಿತ್ತು. ಅದರ ಗುಟ್ಟಿಗಾಗಿ ಪಾರೆ ಎರಡು ವರ್ಷ ಅವನ ಹಿಂದೆ ಸುತ್ತಿದ. ಕೊನೆಗೆ ಸಿಕ್ಕಿದ್ದು: ಆಗಷ್ಟೇ ಹುಟ್ಟಿದ ನಾಯಿಮರಿಗಳನ್ನು ಲಿಲಿ ಹೂವಿನ ಎಣ್ಣೆಯಲ್ಲಿ ಬೇಯಿಸಿ, ಎರೆಹುಳು, ಟರ್ಪೆಂಟೈನ್ ಸೇರಿಸುವುದು. ಪಾರೆಗೆ ಇದರಿಂದ ಪರಮ ಸಂತೋಷ. ಕುದಿಯುವ ಎಣ್ಣೆಯನ್ನು ಕೈಬಿಟ್ಟವನೂ ಅವನೇ, ನಾಯಿಮರಿ ಎಣ್ಣೆಯನ್ನು ನಂಬಿದವನೂ ಅವನೇ. ಎರಡನ್ನೂ ಒಟ್ಟಿಗೆ ಇಟ್ಟರೆ ಅವನ ಕಾಲ ಕಾಣುತ್ತದೆ, ಒಂದನ್ನೇ ಇಟ್ಟರೆ ಸನ್ಮಾನಪತ್ರವಾಗುತ್ತದೆ.

ತಿದ್ದಲೇಬೇಕಾದ ಸಂಗತಿಗಳೂ ಇವೆ. ರಕ್ತನಾಳ ಕಟ್ಟುವುದನ್ನು ಪಾರೆ 'ಕಂಡುಹಿಡಿದ' ಎಂದಿದ್ದೀರಿ. ಇಲ್ಲ. ಗೇಲೆನ್‌ನಂಥ ಹಳಬರು ಅದನ್ನು ಬರೆದಿದ್ದರು, ಪಾರೆಯೇ ಅವರ ಹೆಸರು ಹೇಳುತ್ತಾನೆ. ಕೈಕಾಲು ಕತ್ತರಿಸಿದ ಮೇಲೆ ಕಾದ ಕಬ್ಬಿಣದ ಬರೆ ಹಾಕುವ ಬದಲು, ಕಾಗೆಯ ಕೊಕ್ಕಿನಂಥ ಇಕ್ಕಳದಿಂದ ನಾಳವನ್ನು ಹೊರಗೆಳೆದು ದಾರದಿಂದ ಬಿಗಿದದ್ದು ಅವನ ಹೊಸತನ. 1552ರಲ್ಲಿ ದಾಂವಿಲಿಯೇ ಮುತ್ತಿಗೆಯಲ್ಲಿ ಹಾಗೆ ಮಾಡಿದ. ಅಂದಿನಿಂದಲೇ ಬರೆ ನಿಂತುಹೋಯಿತು ಎಂಬ ನಿಮ್ಮ ಮಾತೂ ನಿಲ್ಲುವುದಿಲ್ಲ. ರಕ್ತವನ್ನು ತಾತ್ಕಾಲಿಕವಾಗಿ ತಡೆಹಿಡಿಯುವ ಸರಿಯಾದ ಪಟ್ಟಿಯಿಲ್ಲದೆ ಒಂದೊಂದೇ ನಾಳ ಹುಡುಕಿ ಕಟ್ಟುವುದು ಕಷ್ಟ. ತಿರುಪಿನ ಟೂರ್ನಿಕೆಟ್ ಬಂದದ್ದು 18ನೇ ಶತಮಾನದಲ್ಲಿ, ಅಲ್ಲಿಯವರೆಗೂ ಬರೆ ಹಾಕುವವರು ಹಾಕುತ್ತಲೇ ಇದ್ದರು.

1559ರ ರಾಜಮರಣ ನಿಮ್ಮಲ್ಲಿ ಮೂರೇ ಸಾಲು. ಮದುವೆ ಸಂಭ್ರಮದ ಕಾಳಗದಾಟದಲ್ಲಿ ಮಾಂಟ್‌ಗೊಮರಿಯ ಭರ್ಜಿ ಮುರಿದು, ಅದರ ಸಿಬಿರು ಎರಡನೇ ಹೆನ್ರಿಯ ಕಣ್ಣಿನ ಬಳಿ ನಾಟಿತು. ಬ್ರಸೆಲ್ಸ್‌ನಿಂದ ದೇಹರಚನೆಯ ಪಂಡಿತ ವೆಸಾಲಿಯಸ್ ಬಂದ, ಪಾರೆಯೂ ಅಲ್ಲಿದ್ದ. ಗಾಯದ ಆಳ ಅರಿಯಲು, ಮರಣದಂಡನೆಗೆ ಗುರಿಯಾದ ನಾಲ್ವರ ತಲೆಗಳಿಗೆ ಮರದ ತುಂಡು ಚುಚ್ಚಿ ನೋಡಿದರು. ಜುಲೈ 10ರಂದು ರಾಜ ಸತ್ತ. 'ವೀರೋಚಿತ ಹೋರಾಟ' ಎಂದು ಬರೆಯುವ ಬದಲು ಆ ನಾಲ್ಕು ತಲೆಗಳನ್ನು ಬರೆಯಿರಿ. 1572ರಲ್ಲಿ ಪ್ರೊಟೆಸ್ಟೆಂಟರನ್ನು ಕೊಂದ ಸೇಂಟ್ ಬಾರ್ತಲೊಮಿಯೊ ಹತ್ಯಾಕಾಂಡದ ರಾತ್ರಿ ರಾಜ ಒಂಬತ್ತನೇ ಚಾರ್ಲ್ಸನೇ ಪಾರೆಯನ್ನು ಬಚ್ಚಿಟ್ಟು ಉಳಿಸಿದ ಎಂಬ ಕಥೆಯನ್ನು ಮಾತ್ರ ಕೈಬಿಡಿ. ಅವನು ಪ್ರೊಟೆಸ್ಟೆಂಟನಾಗಿದ್ದನೇ ಎಂಬುದರ ಬಗ್ಗೆಯೇ ವಿದ್ವಾಂಸರಲ್ಲಿ ಜಗಳವಿದೆ.

ಲ್ಯಾಟಿನ್ ಬಾರದವನು 1545ರಲ್ಲಿ ಗುಂಡೇಟಿನ ಗಾಯಗಳ ಬಗ್ಗೆ ಫ್ರೆಂಚಿನಲ್ಲೇ ಪುಸ್ತಕ ಬರೆದ. 1575ರಲ್ಲಿ ಸಮಗ್ರ ಕೃತಿ ಬಂದಾಗ ಪ್ಯಾರಿಸ್ಸಿನ ವೈದ್ಯ ವಿದ್ವಾಂಸರು ತಡೆಯಲು ನೋಡಿದರು. ನಾಳ ಕಟ್ಟುವುದನ್ನು ಹಳಿದ ಪ್ಯಾರಿಸ್ಸಿನ ವೈದ್ಯ ಗುರ್ಮೆಲೆನ್‌ಗೆ 1585ರಲ್ಲಿ ಪಾರೆ ಕೊಟ್ಟ ಉತ್ತರವನ್ನು ನೀವು ಒಂದು ಸಾಲೂ ಬಳಸಿಲ್ಲ. 'ನನ್ನ ಪುಟ್ಟ ಗುರುಗಳೇ' ಎಂದು ಕರೆದು, ಓದುವ ಕೋಣೆಯಿಂದ ಆಚೆ ಬಾರದ ನೀವು ನನಗೆ ಶಸ್ತ್ರಚಿಕಿತ್ಸೆ ಕಲಿಸುತ್ತೀರಾ ಎಂಬ ಧಾಟಿಯಲ್ಲಿ ಕೆಣಕುತ್ತಾನೆ, ಆಮೇಲೆ ತಾನು ಹೋದ ಯುದ್ಧಗಳನ್ನು ಒಂದೊಂದಾಗಿ ಹೇಳುತ್ತಾನೆ. ಮೇಲಿನ ಲಾಯ, ನಾಯಿಮರಿ ಎಲ್ಲ ಬರುವುದು ಅಲ್ಲೇ. ಅಂದರೆ ನೀವು ಯುಗಪುರುಷ ಎಂದು ಕೂರಿಸಿದವನು ಎಪ್ಪತ್ತೈದರ ಆಸುಪಾಸಿನಲ್ಲೂ ಒಳ್ಳೇ ಜಗಳಗಂಟ. ಅದು ಬರಲಿ.

'ನಾನು ಕಟ್ಟು ಕಟ್ಟಿದೆ, ದೇವರು ವಾಸಿಮಾಡಿದ' ಎಂಬ ಅವನ ಪ್ರಸಿದ್ಧ ಮಾತನ್ನು ಸಂದೇಶದ ಹಾಗೆ ಕೊನೆಗೆ ಅಂಟಿಸಿದ್ದೀರಿ. ಅದು ಅವನು ರೋಗಿಗಳ ಕಥೆ ಮುಗಿಸುವಾಗ ಬರುವ ಸಾಲು. ಕ್ಯಾಪ್ಟನ್ 'ರಾ' ಎಂಬವನ ಕಾಲಿನ ಗೆಣ್ಣಿಗೆ ಗುಂಡು ಬಿತ್ತು. ಅವನ ಹೆಸರಿನ ಅರ್ಥ ಇಲಿ. 'ಇಲಿ ಸಿಕ್ಕಿಬಿತ್ತು' ಎನ್ನುತ್ತಲೇ ಕುಸಿದನಂತೆ. ಪಾರೆ ಕಟ್ಟು ಕಟ್ಟಿದ, ದೇವರು ವಾಸಿಮಾಡಿದ. ಆ ಸಾಲನ್ನು ಈ ಇಲಿಯ ಪಕ್ಕದಲ್ಲಿಡಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 'ಜನಿಸಿದನು, ಗಳಿಸಿದನು, ವಿಧಿವಶನಾದನು' ಎಂಬ ಪರೀಕ್ಷಾ ಗೈಡಿನ ಧಾಟಿ ಬಿಟ್ಟು, ನೀವು ನನಗೆ ಬರೆದ ಕವರಿಂಗ್ ಮೇಲ್‌ನ ಕನ್ನಡದಲ್ಲಿ ಬರೆಯಿರಿ. ಅದು ಚೆನ್ನಾಗಿತ್ತು.

ಮರುಪ್ರತಿ 1,500 ಪದ ಮೀರದಿರಲಿ. ಭಾವಚಿತ್ರದ ಬದಲು, 'ಪುಟ್ಟ ಲೊರೇನ್‌ನವ' ಎಂಬ ಅಡ್ಡಹೆಸರಿನ ಬೀಗದ ಕಮ್ಮಾರ ಮಾಡಿದ ಕಬ್ಬಿಣದ ಕೃತಕ ಕೈಯ ರೇಖಾಚಿತ್ರ ಪಾರೆಯ ಪುಸ್ತಕದಲ್ಲೇ ಇದೆ, ಅದನ್ನು ಕಳಿಸಿ. ಕಡತ ಯೂನಿಕೋಡ್‌ನಲ್ಲಿರಲಿ. ಹೋದ ಸಲ 'ನುಡಿ' ತಂತ್ರಾಂಶದಿಂದ ಬದಲಿಸುವಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು.

ಸಂಪಾದಕ