ಅಜ್ಜಿಯ ಪ್ರಶ್ನೆಯಿಂದ ಶುರು ಮಾಡಿ

ನಮಸ್ಕಾರ.

ಆಳುವ ಹಕ್ಕು ಬರುವುದು ಜನರಿಂದ, ಅರಮನೆಯಿಂದಲ್ಲ ಅಂತ ಮೈಸೂರು ಸಂಸ್ಥಾನವನ್ನು ಇಟ್ಟುಕೊಂಡು ನೀವು ಬರೆದ 'ಪ್ರಜೆಗಳೇ ಪ್ರಭುಗಳು' ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ನೀವು ಇದನ್ನು ಕೈಬಿಡಬಾರದು, ಅದಕ್ಕೇ ಈ ಪತ್ರ.

ಮೊದಲ ಮೂರು ಪುಟದ ತುಂಬ 'ಸಾರ್ವಭೌಮತ್ವ' ಇದೆ, ಒಬ್ಬ ಮನುಷ್ಯನೂ ಇಲ್ಲ. ನಾಲ್ಕನೇ ಪುಟದಲ್ಲಿ, ಅದೂ ಕಂಸದೊಳಗೆ, ನಿಮ್ಮ ಅಜ್ಜಿ ಬರುತ್ತಾರೆ. 1947ರಲ್ಲಿ ಜನರ ಸರ್ಕಾರಕ್ಕಾಗಿ ನಡೆದ ಮೈಸೂರು ಚಲೋ ಚಳವಳಿಗೆ ಹೊರಟ ತಮ್ಮನಿಗೆ ಅವಲಕ್ಕಿ, ಬೆಲ್ಲ ಗಂಟು ಕಟ್ಟುತ್ತಾ, "ಸ್ವಾತಂತ್ರ್ಯ ಬಂತಲ್ಲೋ, ಇನ್ಯಾಕೆ ಜೈಲು?" ಅಂತ ಕೇಳುತ್ತಾರೆ. ನಾನು ಓದುವುದನ್ನು ನಿಲ್ಲಿಸಿ ಕೂತದ್ದು ಅಲ್ಲಿ. ನೀವು ಮಾತ್ರ ಮುಂದಿನ ಸಾಲಿಗೇ ಯುರೋಪಿನ ಚಿಂತಕ ರೂಸೋ ಹತ್ತಿರ ಹೋಗಿಬಿಟ್ಟಿರಿ!

ಅಜ್ಜಿಗೆ ಉತ್ತರ ಕೊಡಿ. ಆಗಸ್ಟ್ 15ರ ಹೊತ್ತಿಗೆ ಮೈಸೂರು ಭಾರತ ಒಕ್ಕೂಟಕ್ಕೆ ಸೇರಿ ಆಗಿತ್ತು. ಆದರೂ ಇಲ್ಲಿ ಆಡಳಿತ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಕೈಯಲ್ಲೇ ಇತ್ತು. ಅವರನ್ನು ನೇಮಿಸಿದ್ದು ಮಹಾರಾಜರು, ಜನ ಅಲ್ಲ. 'ಆರ್ಕಾಟ್ ಬಾಯ್ಕಾಟ್' ಅಂತ ಬೀದಿಯಲ್ಲಿ ಕೂಗಿದ್ದು ಅದಕ್ಕೇ. ಜನ ಕೇಳಿದ್ದು ಜವಾಬ್ದಾರಿ ಸರ್ಕಾರ, ಅಂದರೆ ಜನ ಆರಿಸಿದವರಿಗೆ ಉತ್ತರ ಕೊಡಬೇಕಾದ ಸರ್ಕಾರ. ಅಂಥ ಸರ್ಕಾರ, ಕಾಂಗ್ರೆಸ್ ನಾಯಕ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ, ಬಂದದ್ದು ಅಕ್ಟೋಬರ್ 25ಕ್ಕೆ.

ನನ್ನ ದೊಡ್ಡ ತಕರಾರು ಬೇರೆ. ವಾದ ಗೆಲ್ಲಲಿ ಅಂತ ಅರಮನೆಯನ್ನು ಪೂರ್ತಿ ಕೆಟ್ಟದ್ದು ಮಾಡಿದ್ದೀರಿ. ಹಾಗಿರಲಿಲ್ಲ. 1902ರಲ್ಲೇ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿತು. ಕನ್ನಂಬಾಡಿ ಕಟ್ಟೆ ಎದ್ದಿತು. ದಿವಾನ್ ರಂಗಾಚಾರ್ಲು 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. ಆ ಸಭೆಯ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ನಿಮ್ಮ ವಾದದ ಜೀವ ಇರುವುದೇ ಅಲ್ಲಿ, ಅಲ್ವಾ? ಅಲ್ಲಿ ಊರಿನ ಕೆರೆ, ಕಂದಾಯದ ಅಹವಾಲು ಹೇಳಬಹುದಿತ್ತು. ದಿವಾನರು ಕೇಳಿಸಿಕೊಳ್ಳುತ್ತಿದ್ದರು. ಆದರೆ ಅದೇ ದಿವಾನರನ್ನು ಕುರ್ಚಿಯಿಂದ ಇಳಿಸುವ ಅಧಿಕಾರ ಸಭೆಗೆ ಇರಲಿಲ್ಲ. ಚೆನ್ನಾಗಿ ಆಳಿದರೂ ಆಳುವ ಹಕ್ಕು ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಹಾಗೇ ಉಳಿಯಿತು. ಇದನ್ನು ಬಿಡಿಸಿ ಬರೆಯಿರಿ. ಧ್ವಜ ಹಾರಿಸಲು ಸೇರಿದ ಜನರ ಮೇಲೆ ನಡೆದ 1938ರ ವಿದುರಾಶ್ವತ್ಥದ ಗೋಲಿಬಾರ್ ಖಂಡಿತ ಇರಲಿ. ಅದೊಂದೇ ಇಡೀ ಮೈಸೂರು ಅನ್ನಬೇಡಿ, ಅಷ್ಟೇ.

ರೂಸೋ ಮಾತುಗಳಲ್ಲಿ ಒಂದನ್ನು ಇಟ್ಟುಕೊಂಡು ಉಳಿದದ್ದು ತೆಗೆಯಿರಿ. ಅಜ್ಜಿಯ ತಮ್ಮ ಎಷ್ಟು ದಿನ ಒಳಗಿದ್ದರು, ವಾಪಸ್ ಬಂದ ಮೇಲೆ ಅಕ್ಕನಿಗೆ ಏನು ಹೇಳಿದರು, ಮನೆಯ ಹಿರಿಯರನ್ನು ಕೇಳಿ ನೋಡಿ. ಸಾವಿರ ಪದ ಸಾಕು. ನೇರ ನನಗೇ ಕಳಿಸಿ, ಕಾಯುತ್ತಿರುತ್ತೇನೆ.