1843ರ ಕೈದಿ ಸಿಡ್ನಿ ದಾಖಲೆಯಲ್ಲಿ ಸಿಗದಿದ್ದರೆ

1843ರಲ್ಲಿ ಲಂಡನ್ನಿನ ಓಲ್ಡ್ ಬೈಲಿ ಕೋರ್ಟಿನಲ್ಲಿ 7 ವರ್ಷ ಗಡೀಪಾರಿನ ಶಿಕ್ಷೆಯಾದವನ ಹೆಸರು ಸಿಡ್ನಿ ದಾಖಲೆಗಳಲ್ಲಿ ಇಲ್ಲ ಅಂದಿದ್ದೀರಿ. ನೀವು ಬೇರೆ ವಸಾಹತಿನಲ್ಲಿ ಹುಡುಕಬೇಕು ಅನ್ನಿಸುತ್ತದೆ. ಸಿಡ್ನಿ ಇರುವ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಸಾಹತಿಗೆ ಬ್ರಿಟನ್ನಿನಿಂದ ಕೈದಿಗಳನ್ನು ಕಳಿಸುವುದನ್ನು 1840ರಲ್ಲೇ ನಿಲ್ಲಿಸಿದ್ದರು. ಆಮೇಲೆ ಹಡಗುಗಳು ಹೆಚ್ಚಾಗಿ ಹೋಗಿದ್ದು ವ್ಯಾನ್ ಡೀಮನ್ಸ್ ಲ್ಯಾಂಡ್‌ಗೆ, ಅಂದರೆ ಈಗಿನ ಟಾಸ್ಮೇನಿಯಾಗೆ.

ಮೊದಲು ಟಾಸ್ಮೇನಿಯಾ ಪತ್ರಾಗಾರದ ಆನ್‌ಲೈನ್ ಹೆಸರಿನ ಪಟ್ಟಿ ನೋಡಿ, ದುಡ್ಡು ಕೊಡಬೇಕಿಲ್ಲ. ಹೆಸರನ್ನು ಬೇರೆ ಬೇರೆ ಸ್ಪೆಲಿಂಗಿನಲ್ಲಿ ಹಾಕಿ, ಗುಮಾಸ್ತರು ಕಿವಿಗೆ ಕೇಳಿಸಿದ ಹಾಗೆ ಬರೆದುಕೊಳ್ಳುತ್ತಿದ್ದರು. ಅದೇ ಹೆಸರಿನವರು ನಾಲ್ಕು ಜನ ಬಂದರೆ ವಿಚಾರಣೆಯ ಜಾಗ, ತಾರೀಖು ಹೊಂದಿಸಿ. ವಯಸ್ಸನ್ನು ಜಾಸ್ತಿ ನಂಬಬೇಡಿ. ಹಡಗಿನ ಹೆಸರು ಬರೆದಿಟ್ಟುಕೊಂಡು ಅದೇ ಪತ್ರಾಗಾರದ ‘ಸಿಒಎನ್ 33’ (CON33) ಸರಣಿಯಲ್ಲಿ ಆ ಕೈದಿಯ ನಡತೆ ದಾಖಲೆ ತೆರೆಯಿರಿ. ಎತ್ತರ, ಕಸುಬು, ಮಾಡಿದ ತಪ್ಪು, ಕುಡಿದು ಸಿಕ್ಕಿಬಿದ್ದಿದ್ದು, ಒಂಟಿ ಕೋಣೆಗೆ ಹಾಕಿದ್ದು, ಸ್ವಂತಕ್ಕೆ ದುಡಿಯಲು ಬಿಡುವ ‘ಟಿಕೆಟ್ ಆಫ್ ಲೀವ್’ ಸಿಕ್ಕಿದ್ದು, ಇಂಥದ್ದೆಲ್ಲ ಅಲ್ಲಿ ಬರೆದಿರುತ್ತಾರೆ. ಅಕ್ಷರ ಓದುವುದು ಕಷ್ಟ, ಆದರೂ ಬಿಡಬೇಡಿ, ಆ ಮನುಷ್ಯ ಹೇಗೆ ಬದುಕಿದ ಅಂತ ಗೊತ್ತಾಗುವುದು ಅಲ್ಲೇ.

ಅಲ್ಲೂ ಇಲ್ಲದಿದ್ದರೆ ಆತ ಆಸ್ಟ್ರೇಲಿಯಾಗೆ ಹೋಗದೇ ಇರಬಹುದು. 7 ವರ್ಷದ ಶಿಕ್ಷೆಯಾದ ಎಷ್ಟೋ ಜನ ವೂಲ್ವಿಚ್‌ನಂಥ ಕಡೆ ‘ಹಲ್ಕ್’ ಅನ್ನೋ ಹಳೇ ಹಡಗಿನ ಜೈಲಲ್ಲೇ ದಿನ ಕಳೆದರು. ಆಗ ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ ಹಲ್ಕ್ ರಿಜಿಸ್ಟರ್ ಹುಡುಕಿ.