ಫೌಲ್ ಆದ ಮೇಲೆ ಚೆಂಡಿಗೆ ಮತ್ತೆ ಜೀವ ಬರೋದು ಯಾವಾಗ?

ಇಲ್ಲ, ನಿಮ್ಮ ರನ್ನರ್ ಔಟ್ ಅಲ್ಲ. ಕಾರವಾರದ ಠಾಗೋರ್ ಬೀಚಿನಲ್ಲಿ ಬೇಸ್‌ಬಾಲ್ ಆಡುವಾಗ ಫೌಲ್ ಹೊಡೆತ, ಅಂದರೆ ಗೆರೆಯಾಚೆ ಹೋದ ಹೊಡೆತ, ಮರಳಿಗೆ ಬಿತ್ತು, ಬ್ಯಾಟರ್‌ಗೆ ಚೆಂಡು ಎಸೆಯುವ ಪಿಚರ್ ಅದನ್ನ ಹೆಕ್ಕಿ ಮೊದಲ ಬೇಸ್‌ಗೆ ಎಸೆದ, ಇನ್ನೂ ವಾಪಸ್ ಬರುತ್ತಿದ್ದ ರನ್ನರ್ ಔಟ್ ಅಂದರು, ಇದು ಸರಿಯಾ ಅಂತ ಕೇಳಿದ್ದೀರಿ. ಯಾರೂ ಹಿಡಿಯದ ಫೌಲ್ ಅಂದರೆ ಚೆಂಡು ಸತ್ತಿತು. ಆಮೇಲೆ ಯಾರು ಯಾರಿಗೆ ಎಸೆದರೂ ಸುಮ್ನೆ ಕೈ ನೋವು.

ಆಟ ಮತ್ತೆ ಶುರುವಾಗಲು ಪಿಚರ್ ಚೆಂಡು ಹಿಡಿದು ತನ್ನ ರಬ್ಬರ್ ಪಟ್ಟಿಯ ಮೇಲೆ ನಿಲ್ಲಬೇಕು, ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹಿಂದಿನ ಅಂಪೈರ್ ‘ಪ್ಲೇ’ ಅನ್ನಬೇಕು. ಎರಡೂ ಬೇಕು. ಚೆಂಡು ಪಿಚರ್ ಕೈಗೆ ಬಂದರಷ್ಟೇ ಸಾಲದು. ಅದೂ ಫೌಲ್ ಆದಾಗ, ರನ್ನರ್‌ಗಳೆಲ್ಲ ತಮ್ಮ ತಮ್ಮ ಬೇಸ್ ಮುಟ್ಟುವ ತನಕ ಅಂಪೈರ್ ಆಟ ಶುರು ಮಾಡುವ ಹಾಗೇ ಇಲ್ಲ.

ಗೊಂದಲ ಆಗೋದು ಕ್ರಿಕೆಟ್ ರೂಢಿಯಿಂದ. ಅಲ್ಲಿ ಬೌಲರ್ ಓಟ ಶುರು ಮಾಡಿದ ಕೂಡಲೇ ಚೆಂಡು ಆಟಕ್ಕೆ ಬರುತ್ತದೆ, ಪ್ರತಿ ಸಲ ಅಂಪೈರ್ ಬಾಯಿ ಬಿಡಬೇಕಿಲ್ಲ.

ಆದರೆ ಫೌಲ್ ಚೆಂಡನ್ನು ಗಾಳಿಯಲ್ಲೇ ಹಿಡಿದಿದ್ದರೆ ಕತೆ ಬೇರೆ. ಆಗ ಚೆಂಡು ಸಾಯುವುದಿಲ್ಲ, ಬ್ಯಾಟರ್ ಔಟ್, ರನ್ನರ್ ಬೇಸ್ ಮುಟ್ಟಿಕೊಂಡು ಮುಂದಕ್ಕೂ ಓಡಬಹುದು, ಮುಟ್ಟುವ ಮೊದಲೇ ಚೆಂಡು ಆ ಬೇಸ್‌ಗೆ ಬಂದರೆ ಅವನೂ ಔಟ್. ನಿಮ್ಮದು ಮರಳಿಗೆ ಬಿದ್ದಿತ್ತು ಅಲ್ವಾ?

ಅಂಪೈರ್ ಇಲ್ಲದೆ ಆಡ್ತೀರಾದರೆ ‘ಪ್ಲೇ’ ಕೂಗೋಕೆ ಒಬ್ಬರನ್ನ ನಿಲ್ಲಿಸಿ. ಅಲೆ ಸದ್ದಿಗೆ ಸ್ವಲ್ಪ ಜಾಸ್ತಿನೇ ಕೂಗಬೇಕು.